ಬಾಯಿ ಮುಚ್ಚಿದ ಕಾವಲು

ನಲವತ್ತು ಕೂಸುಗಳ ಎದೆಗೆ ಕಾವಲುಪಟ್ಟಿ ಕಟ್ಟಿ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಅವುಗಳಲ್ಲಿ ಇಪ್ಪತ್ತು ಪಟ್ಟಿಗಳ ಗಂಟೆಯ ಬಾಯಿಯನ್ನು ಮೊದಲೇ ಮುಚ್ಚಿದ್ದರು. ಯಾವ ಕೂಸಿಗೆ ಯಾವ ಪಟ್ಟಿ ಎಂದು ತಾಯಂದಿರಿಗೆ ಹೇಳಲಿಲ್ಲ.

ತಿಮ್ಮಸಂದ್ರದ ಮುನಿರತ್ನಮ್ಮನಿಗೆ ಇದು ಗೊತ್ತಾಗುವ ಹೊತ್ತಿಗೆ ಹದಿನೇಳು ದಿನ ಕಳೆದಿತ್ತು.

ಮುನಿರತ್ನಮ್ಮ ಇಪ್ಪತ್ತೇಳು ವರ್ಷದಿಂದ ಚಾಕಿ ಮನೆಯಲ್ಲಿ ಕೆಲಸ ಮಾಡಿದವಳು. ಚಾಕಿ ಮನೆಯೆಂದರೆ ರೇಷ್ಮೆಹುಳುಗಳ ಬಾಣಂತಿ ಕೋಣೆ. ಮೊಟ್ಟೆಯೊಡೆದು ಬಂದ ಹುಳು ಪೆನ್ನಿನ ಚುಕ್ಕಿಯಷ್ಟಿರುತ್ತದೆ. ಅದಕ್ಕೆ ಎಳೆ ಸೊಪ್ಪು ಸಣ್ಣಗೆ ಕೊಚ್ಚಿ ಹಾಕಿ, ಕಾವು ತಪ್ಪದಂತೆ, ತೇವ ಆರದಂತೆ ಎರಡನೇ ಜ್ವರ ಏಳುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡಬೇಕು. ಹುಳು ಪೊರೆ ಬಿಡುವುದಕ್ಕೆ ಆ ಕಡೆಯವರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆಯೆತ್ತಿ ಕಲ್ಲಿನ ಹಾಗೆ ಕೂರುತ್ತದೆ. ಆಗ ಅದನ್ನು ಮುಟ್ಟುವವನು ಮೂರ್ಖ. ಮುನಿರತ್ನಮ್ಮ ಮೊಳಕೈಯ ಒಳಮೈಯನ್ನು ತಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಕಾವು ಹೇಳುತ್ತಿದ್ದಳು. ಗೋಡೆಯ ಮೇಲಿನ ಕಾವಳೆಯುವ ಗಾಜಿಗೂ ಅವಳ ಮಾತಿಗೂ ಅರ್ಧ ಡಿಗ್ರಿಯ ವ್ಯತ್ಯಾಸ ಬಂದರೆ ಮೇಸ್ತ್ರಿ ಗಾಜನ್ನೇ ಬದಲಾಯಿಸುತ್ತಿದ್ದ.

ಅವಳ ಒಬ್ಬಳೇ ಮಗಳು ಅಂಬಿಕಾ. ಬಾಣಂತನಕ್ಕೆಂದು ತವರಿಗೆ ಬಂದವಳಿಗೆ ದಿನ ತುಂಬಲು ಇನ್ನೂ ಒಂಬತ್ತು ವಾರ ಇರುವಾಗಲೇ ನೋವು ಬಂತು. ಹುಟ್ಟಿದ ಹೆಣ್ಣುಕೂಸು ಒಂದು ಕೆಜಿ ನಾನೂರು ಗ್ರಾಂ. ಅಂಗೈ ಅಗಲದ ಆ ಜೀವಕ್ಕೆ ಹೆಸರಿಡುವ ಧೈರ್ಯ ಯಾರಿಗೂ ಬರದೆ ಎಲ್ಲರೂ ಚಿಟ್ಟಿ ಅಂತ ಕರೆದರು. ಪಟ್ಟಣದ ‘ಮಡಿಲು’ ಶಿಶು ಕೇಂದ್ರದ ಗಾಜಿನ ಪೆಟ್ಟಿಗೆಯಲ್ಲಿ ಅದು ಇಪ್ಪತ್ತೆರಡು ದಿನ ಇತ್ತು.

ಆ ವಾರ್ಡಿನಲ್ಲಿ ಅಂಥ ಇಪ್ಪತ್ನಾಲ್ಕು ಪೆಟ್ಟಿಗೆಗಳಿದ್ದವು. ಹದಿನಾರಕ್ಕೆ ಬಿಳಿ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದರು. ಕಾವಲುಪಟ್ಟಿ ಬಂದ ಮೇಲೆ ಅವುಗಳ ಅಗತ್ಯ ಇಲ್ಲವಂತೆ.

ಮನೆಗೆ ಕಳಿಸುವ ದಿನ ಡಾಕ್ಟರ್ ಸುಧೀಂದ್ರ ತಾಯಿ ಮಗಳನ್ನು ಮೂರನೇ ಮಹಡಿಯ ಕಂಟ್ರೋಲ್ ರೂಮಿಗೆ ತಾವೇ ಕರೆದುಕೊಂಡು ಹೋದರು. ತಣ್ಣಗಿನ ಕೋಣೆ. ಒಂದಿಡೀ ಗೋಡೆಯ ತುಂಬ ಪರದೆ. ಪರದೆಯ ತುಂಬ ಹಸಿರು ದೀಪಗಳು, ಒಂದೊಂದರ ಕೆಳಗೆ ಒಂದೊಂದು ಊರಿನ ಹೆಸರು. ಅದರೆದುರು ಕಿವಿಗೆ ಫೋನು ಸಿಕ್ಕಿಸಿಕೊಂಡ ಹುಡುಗಿ ಕೂತಿದ್ದಳು, ಹೆಸರು ಇಂದುಶ್ರೀ.

“ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಮೆದುಳಿಗೆ ಉಸಿರಾಡೋ ಪಾಠ ಇನ್ನೂ ಪೂರ್ತಿ ಬಂದಿರೋದಿಲ್ಲ ಅಮ್ಮ,” ಅಂದರು ಡಾಕ್ಟರು. “ಚೆನ್ನಾಗೇ ಇರತ್ತೆ, ನಡುವೆ ಇದ್ದಕ್ಕಿದ್ದ ಹಾಗೆ ಮರೆತುಬಿಡತ್ತೆ. ಆಗ ಯಾರಾದರೂ ಅಂಗಾಲು ಉಜ್ಜಿದರೆ ಸಾಕು, ಜ್ಞಾಪಕ ಬರತ್ತೆ. ಯಾರೂ ಇಲ್ಲದಿದ್ದರೆ ಕಷ್ಟ. ಮರೆಯೋದಕ್ಕೆ ಮುಂಚೆ ಎದೆಬಡಿತದ ಏರಿಳಿತ ಸಣ್ಣಗೆ ಸಪ್ಪೆಯಾಗತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಈ ಪಟ್ಟಿಗೆ ಕಾಣತ್ತೆ. ಆರು ನಿಮಿಷ ಮೊದಲೇ ಗೊತ್ತಾಗತ್ತೆ. ಇಲ್ಲಿ ಹಸಿರು ದೀಪ ಹಳದಿಗೆ ತಿರುಗತ್ತೆ, ಪಟ್ಟಿ ಗಂಟೆ ಬಾರಿಸತ್ತೆ. ಇನ್ನು ಮೇಲೆ ನಿಮ್ಮ ಮನೆಯೇ ನಮ್ಮ ವಾರ್ಡು ಅಂದ್ಕೊಳ್ಳಿ.”

“ಹಂಗಾದ್ರೆ ನರ್ಸಮ್ಮನೋರೂ ನಮ್ಮನೇಗೇ ಬತ್ತಾರಾ?” ಅಂದಳು ಮುನಿರತ್ನಮ್ಮ.

ಡಾಕ್ಟರು ನಕ್ಕರು. ಇಂದುಶ್ರೀ ನಗಲಿಲ್ಲ.

ದೀಪಗಳಲ್ಲಿ ಕೆಲವಕ್ಕೆ ಬಲಗಡೆ ಒಂದು ಸಣ್ಣ ಬಿಳಿ ಚುಕ್ಕಿ ಇತ್ತು. ತಿಮ್ಮಸಂದ್ರದ ಎರಡು ದೀಪಗಳಲ್ಲಿ ಒಂದಕ್ಕೆ ಇತ್ತು, ಒಂದಕ್ಕೆ ಇರಲಿಲ್ಲ. ಸಾವಿರ ಹುಳುವಿನ ತಟ್ಟೆಯಲ್ಲಿ ಒಂದು ರೋಗದ ಹುಳುವನ್ನು ಹೆಕ್ಕಿ ಅಭ್ಯಾಸವಾದ ಕಣ್ಣಿಗೆ ಅದು ತಪ್ಪುವುದುಂಟೇ? “ಅದ್ಯಾಕಮ್ಮಣ್ಣಿ, ಕೆಲವಕ್ಕೆ ಬೊಟ್ಟಿಟ್ಟಿದೀರಿ?” ಅಂತ ಕೇಳಿದಳು.

“ಅದು ನಮ್ಮ ಗುರುತು ಅಮ್ಮ.” ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಅಂಬಿಕಾಳ ಮುಂದೆ ಒಂದು ಟ್ಯಾಬ್ ಬಂದಿತ್ತು. ಕೆಳಗೆ ತಳ್ಳುತ್ತ ಹೋಗಿ, ಕೊನೆಯಲ್ಲಿ ಬೆರಳಿನಿಂದ ಸಹಿ ಮಾಡಿ ಅಂದರು. ತಳ್ಳಿದಳು, ಮಾಡಿದಳು. ಪಿಯುಸಿ ಪಾಸಾದ ಹುಡುಗಿ, ಇಂಗ್ಲಿಷು ಓದಲು ಬರುತ್ತಿತ್ತು. ಆದರೆ ಇಪ್ಪತ್ತೆರಡು ದಿನದ ಮೇಲೆ ಕೂಸನ್ನು ಕೈಗೆ ಕೊಡುತ್ತೇವೆ ಅಂದಾಗ ಯಾವ ತಾಯಿ ಮೂವತ್ತೆರಡು ಪುಟ ಓದುತ್ತಾಳೆ? ಬರೆದವರಿಗೂ ಅದು ಗೊತ್ತಿತ್ತು.

ತಿಮ್ಮಸಂದ್ರದಲ್ಲಿ ಮುನಿರತ್ನಮ್ಮ ತನ್ನ ಹಿಂದಿನ ಕೋಣೆಯನ್ನು ಎರಡೇ ದಿನದಲ್ಲಿ ಚಾಕಿ ಮನೆ ಮಾಡಿಬಿಟ್ಟಳು. ಸುಣ್ಣ ಬಳಿಸಿದಳು, ಕಿಟಕಿಗೆ ಸೊಳ್ಳೆಪರದೆ ಹೊಡೆಸಿದಳು. ಹೊಸ್ತಿಲಲ್ಲಿ ಬಕೆಟ್ಟು, ಸೋಪು. ಮೊಳಕೈವರೆಗೆ ಕೈ ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಊದುಬತ್ತಿ ಕೂಡದು, ಒಗ್ಗರಣೆ ಹೊಗೆ ಕೂಡದು, ಮಲ್ಲಿಗೆ ಮುಡಿದು ಬಂದವರು ಹೊರಗೇ ನಿಂತು ನೋಡಿಕೊಂಡು ಹೋಗಬೇಕು. ಮೊದಲ ಸಲ ಮಗಳನ್ನು ನೋಡಲು ಬಂದ ಅಳಿಯ ಲೋಕೇಶ ಸೆಂಟು ಹಾಕಿಕೊಂಡು ಬಂದಿದ್ದ. ಅವನನ್ನು ಬಾವಿಯ ಹತ್ತಿರ ಕಳಿಸಿ ಸ್ನಾನ ಮಾಡಿಸಿ, ಮಾವನ ಹಳೆಯ ಪಂಚೆ ಉಡಿಸಿಯೇ ಒಳಗೆ ಬಿಟ್ಟಳು. “ಹುಳಕ್ಕೆ ಮಾಡೋ ಶಾಸ್ತ್ರನೆಲ್ಲ ನನ್ ಮಗಳಿಗೆ ಮಾಡ್ತೀರಲ್ಲತ್ತೆ,” ಅಂತ ಅವನು ಗೊಣಗಿದರೆ, “ಹುಳ ಬದುಕ್ತವಲ್ಲ, ಮತ್ತೆ,” ಅಂದಳು.

ಅಂಬಿಕಾ ದಿನದ ಬಹುಪಾಲು ಕೂಸನ್ನು ರವಿಕೆಯೊಳಗೆ ಎದೆಗೆ ಎದೆ ಹಚ್ಚಿ ಸೀರೆಯಿಂದ ಬಿಗಿದು ಕೂರುತ್ತಿದ್ದಳು. ಚೀಪುವ ಶಕ್ತಿ ಇನ್ನೂ ಬಂದಿರಲಿಲ್ಲ. ಹಾಲನ್ನು ಹಿಂಡಿ ಒಳಲೆಗೆ ತುಂಬಿ, ಅದರ ಮೂತಿಯನ್ನು ಕೆಳತುಟಿಗೆ ತಾಗಿಸಿ, ಕೂಸು ನೆಕ್ಕುವುದನ್ನೇ ಕಾಯಬೇಕು. ಒಂದು ಒಳಲೆ ಹಾಲಿಗೆ ಮುಕ್ಕಾಲು ಗಂಟೆ. ಎರಡು ಗಂಟೆಗೊಮ್ಮೆ. ಸೋಮವಾರ ಸೋಮವಾರ ಸಿಸ್ಟರ್ ಗ್ರೇಸಿ ತಕ್ಕಡಿ ತರುತ್ತಿದ್ದರು. ಒಂದು ವಾರಕ್ಕೆ ನೂರ ಹತ್ತು ಗ್ರಾಂ ಏರಿದಾಗ ಮನೆಯಲ್ಲಿ ಪಾಯಸ ಮಾಡಿದರು.

ಪಟ್ಟಿ ಎರಡು ಬೆರಳಗಲ, ಬೂದು ಬಣ್ಣ, ನೂಲಿನಷ್ಟು ಮೆತ್ತಗೆ. ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಸದಾ ಉರಿಯುತ್ತಿತ್ತು. ಬಂದಾಗಿನಿಂದ ಒಂದು ಸಲವೂ ಗಂಟೆ ಬಾರಿಸಲಿಲ್ಲ.

ಅದೇ ಬೀದಿಯ ಕೊನೆಯಲ್ಲಿ ಶಾಹೀನಳ ಮನೆ. ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ತೆಗೆಯುವವಳು. ಅವಳ ಮಗ ಮುನ್ನಾನೂ ದಿನ ತುಂಬದೆ ಹುಟ್ಟಿ, ಅದೇ ವಾರ ಅದೇ ಕೇಂದ್ರದಿಂದ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ. ಅವನ ಪಟ್ಟಿ ದಿನಕ್ಕೆ ಮೂರು ಸಲ, ನಾಲ್ಕು ಸಲ ಕಿಣಿಕಿಣಿ ಅನ್ನುತ್ತಿತ್ತು. ಶಬ್ದ ಕೇಳಿದರೆ ಸಾಕು, ಬೀದಿಯ ಹೆಂಗಸರು “ಅಯ್ಯೋ ಪಾಪ” ಅನ್ನುವರು. ಶಾಹೀನ್ ಎತ್ತಿ, ಬೆನ್ನು ನೇರ ಮಾಡಿ, ಅಂಗಾಲು ಉಜ್ಜುವಳು. ನಿದ್ದೆಗೆಟ್ಟು ಅವಳ ಕಣ್ಣು ಗುಳಿ ಬಿದ್ದಿದ್ದವು.

“ರತ್ನಕ್ಕಾ, ನಿಮ್ಮ ಮಗು ಗಟ್ಟಿ ಬಿಡಿ,” ಅನ್ನುತ್ತಿದ್ದಳು. “ನಮ್ದು ನೋಡಿ, ದಿನಾ ಪರೀಕ್ಷೆ.”

ಮುನಿರತ್ನಮ್ಮ ಹೆಮ್ಮೆಪಟ್ಟಳು. ಅಲ್ಲೇ ಅವಳು ತಪ್ಪಿದ್ದು. ಅಲ್ಲಾಡದೆ ಕೂತ ತಟ್ಟೆ ಒಳ್ಳೆಯ ತಟ್ಟೆ, ಮುಟ್ಟಬೇಡ ಅಂತ ಇಪ್ಪತ್ತೇಳು ವರ್ಷ ಕಲಿತವಳು ಮಗಳಿಗೂ ಅದನ್ನೇ ಹೇಳಿದಳು: “ಸದ್ದಿಲ್ದೆ ಮಲಗಿದ್ರೆ ಮಲಗ್ಲಿ ಬಿಡು. ಮೂಸಿ ಮೂಸಿ ನೋಡ್ಬೇಡ. ಪಟ್ಟಿ ಐತಲ್ಲ, ನೀನೂ ಒಂದು ಗಳಿಗೆ ಕಣ್ಮುಚ್ಚು.” ಅಂಬಿಕಾ ಕಣ್ಣು ಮುಚ್ಚಿದಳು. ಮೊದಲ ವಾರ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂರುತ್ತಿದ್ದವಳು ಎರಡನೇ ವಾರ ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಸ್ನಾನಕ್ಕೆ ಹೋದಳು.

ಹನ್ನೆರಡನೆಯ ದಿನ, ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ ಅಂಬಿಕಾ ಹಿತ್ತಿಲಲ್ಲಿ ಒಳಲೆ ಕುದಿಸುತ್ತಿದ್ದಳು. ಮುನಿರತ್ನಮ್ಮ ತೊಟ್ಟಿಲ ಬಟ್ಟೆ ಸರಿಮಾಡಲು ಬಗ್ಗಿದಳು. ಚಿಟ್ಟಿಯ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಎದೆ ಏಳುತ್ತಿರಲಿಲ್ಲ. ಆ ಎದೆಯ ಮೇಲೆ ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು.

ಅಂಗಾಲು ಉಜ್ಜಿದಳು. ಇಲ್ಲ. ಎತ್ತಿ ನೇರ ಹಿಡಿದು ಬೆನ್ನು ತೀಡಿದಳು. ಇಲ್ಲ. ಹಿಮ್ಮಡಿಗೆ ಉಗುರಿನಿಂದ ಚಿಟುಕಿ ಹೊಡೆದಳು. ಕೂಸು ಒಮ್ಮೆ ಮುಖ ಕಿವುಚಿ, ಬಿಕ್ಕಿ, ಉಸಿರೆಳೆದುಕೊಂಡಿತು. ಸೀಸದ ಬಣ್ಣ ಕರಗಿ ಕೆಂಪು ಬರುವವರೆಗೂ ಮುನಿರತ್ನಮ್ಮ ಬೆನ್ನು ತೀಡುತ್ತಲೇ ಇದ್ದಳು. ಎಷ್ಟು ಹೊತ್ತಿನಿಂದ ಹಾಗಿತ್ತೋ ಯಾವ ದೇವರು ಬಲ್ಲ.

ಕೇಂದ್ರಕ್ಕೆ ಫೋನು ಮಾಡಿದರೆ, “ಆ ಸಮಯಕ್ಕೆ ನಿಮ್ಮ ಪಟ್ಟಿಯಿಂದ ಗಂಟೆ ದಾಖಲಾಗಿಲ್ಲ ಅಮ್ಮ,” ಅಂತ ಉತ್ತರ ಬಂತು.

“ಅದನ್ನೇ ನಾನೂ ಯೋಳ್ತಿರೋದು! ಯಾಕೆ ಆಗಿಲ್ಲ?”

“ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ ಅಮ್ಮ.”

ಸಾಯಂಕಾಲ ಸಿಸ್ಟರ್ ಗ್ರೇಸಿ ಬಂದು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಸರಿಯಾಗೇ ಇದೆಯಲ್ಲ ಅಮ್ಮ. ಹಸಿರು ಇದೆ. ಹಸಿರು ಅಂದ್ರೆ ಪಟ್ಟಿ ಕೆಲಸ ಮಾಡ್ತಿದೆ ಅಂತ.”

“ಕೂಸು ಚೆಂದಾಗೈತೆ ಅಂತಲ್ವಾ?”

ಸಿಸ್ಟರು ಪಟ್ಟಿ ಬಿಟ್ಟು ಚೀಲದ ಜಿಪ್ಪು ಎಳೆದುಕೊಂಡರು. “ಕೆಲವು ಸಲ ಬೆಳಕಿಗೆ ಮುಖ ನೀಲಿ ಕಾಣ್ತದೆ. ವಯಸ್ಸಾದೋರ ಕಣ್ಣು ಬೇರೆ.”

ಅವತ್ತಿನಿಂದ ಮುನಿರತ್ನಮ್ಮನಿಗೆ ಅನುಮಾನದ ಹುಳು ಹೊಕ್ಕಿತು. ಪಟ್ಟಿಯ ಮೇಲೆ, ಸಿಸ್ಟರ ಚೀಲದ ಮೇಲೆ, ಡಾಕ್ಟರ ನಗುವಿನ ಮೇಲೆ. ಅವರು ಅಂದು ಹೇಳಿದ್ದನ್ನು ಮತ್ತೆ ಮತ್ತೆ ಮೆಲುಕು ಹಾಕಿದಳು. ‘ಪಟ್ಟಿ ಗಂಟೆ ಬಾರಿಸತ್ತೆ’ ಅಂದಿದ್ದರು. ‘ನಿಮ್ಮ ಪಟ್ಟಿ’ ಅಂದಿರಲಿಲ್ಲ. ತೊಟ್ಟಿಲ ಪಕ್ಕದಿಂದ ಏಳಲಿಲ್ಲ. ಎರಡೇ ದಿನದಲ್ಲಿ ಇನ್ನೆರಡು ಸಲ ಕೂಸಿನ ಎದೆ ನಿಂತದ್ದನ್ನು ಕಂಡಳು. ಅಂಗಾಲು ಉಜ್ಜಿದ ತಕ್ಷಣ ಮತ್ತೆ ನಡೆಯಿತು. ಅಂಬಿಕಾ ಓಡಿಬರುವಷ್ಟರಲ್ಲಿ ಕೂಸು ಕೆಂಪಗೆ ಮಲಗಿರುತ್ತಿತ್ತು.

“ಅಮ್ಮ, ನಿನಗೆ ಯಾರ ಮೇಲೂ ನಂಬಿಕೆ ಇಲ್ಲ,” ಅಂದಳು ಅಂಬಿಕಾ. “ನಂಗೆ ಆರು ತಿಂಗಳಾದಾಗ ಲಸಿಕೆ ಹಾಕೋಕೆ ಬಂದೋರನ್ನೂ ಬಾಗಿಲಿಂದ ಓಡಿಸಿದ್ಯಂತೆ. ಇದು ಮಿಷನ್ನು. ಮಿಷನ್ನು ಸುಳ್ಳು ಯಾಕೆ ಹೇಳ್ತದೆ?”

“ಮಿಷನ್ನು ಯಾಕೇಳ್ತದೆ? ಅದನ್ನ ಕಟ್ಟಿದೋರು ಯೋಳಿಸ್ತಾರೆ.”

“ಹಂಗಾದ್ರೆ ಕಿತ್ತಾಕ್ಲಾ? ಅದೂ ಇಲ್ದೆ ನಾನು ಹೆಂಗಿರ್ಲಿ?” ಮಗಳು ಅತ್ತಳು. ತಾಯಿ ಬಾಯಿ ಮುಚ್ಚಿಕೊಂಡಳು. ಅಳುವ ಬಾಣಂತಿಯ ಹಾಲು ಬತ್ತುತ್ತದೆ.

ಹದಿನಾರನೆಯ ದಿನ ಹೊಸ ಹುಳು ಬಂತೆಂದು ಚಾಕಿ ಮನೆಯಿಂದ ಕರೆ ಬಂದು ಅರ್ಧ ದಿನ ಹೋಗಿದ್ದಳು. ಉತ್ತರದ ಅಂಕಣದ ಗಾಜು ಇಪ್ಪತ್ತೆಂಟು ಡಿಗ್ರಿ ತೋರಿಸುತ್ತಿದೆ, ಆದರೆ ಹುಳು ಸೊಪ್ಪಿನ ಮೇಲೆ ಏಳುತ್ತಿಲ್ಲ ಅಂತ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದ. ಮುನಿರತ್ನಮ್ಮ ಯೋಚನೆಯೇ ಇಲ್ಲದೆ, ಕೈ ಕಲಿತ ಕೆಲಸವನ್ನು ಮಾಡಿದಳು. ತಟ್ಟೆ ಮುಟ್ಟಲಿಲ್ಲ. ದಕ್ಷಿಣದ ಅಂಕಣದ ಗಾಜು ತಂದು ಉತ್ತರಕ್ಕೆ ನೇತುಹಾಕಿದಳು, ಉತ್ತರದ್ದನ್ನು ದಕ್ಷಿಣಕ್ಕೆ. ತಪ್ಪು ಗಾಜಿನ ಜೊತೆ ಹೋದರೆ ಗಾಜು ಕೆಟ್ಟಿದೆ, ಅಲ್ಲೇ ಉಳಿದರೆ ಜಾಗ ಕೆಟ್ಟಿದೆ. ಆ ಕೋಣೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

ಎರಡನೇ ಗಾಜನ್ನು ಮೊಳೆಗೆ ಸಿಕ್ಕಿಸುವಾಗ ಅವಳ ಕೈ ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಶಾಹೀನಳ ಮನೆಗೆ ಹೋಗಿ ಕೇಳಿದಳು. ಶಾಹೀನ್ ಮಗನನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ನಮ್ ಮುನ್ನಾಂದು ಬಿಚ್ಚಿ ನಿಮಗೆ ಕೊಡ್ಬೇಕಾ? ಅಕ್ಕಾ, ಅದು ಕೂಗ್ತದೆ ಅಂತಾನೇ ಇವನು ಬದುಕಿರೋದು!”

“ಅದುಕ್ಕೇ ಕೇಳ್ತಿರೋದು ಕಣವ್ವ. ನಂದು ಕೂಗಲ್ಲ. ಕೂಸು ಗಟ್ಟಿಯಾಗಿ ಕೂಗಲ್ವಾ, ಬಾಯಿಲ್ದೆ ಕೂಗಲ್ವಾ ಗೊತ್ತಾಗ್ಬೇಕು. ಎರಡು ಗಂಟೆ. ಹಗಲೊತ್ತು. ಇಬ್ರನ್ನೂ ಮಡೀಲಲ್ಲಿ ಇಟ್ಕೊಂಡು ಎದ್ರುಬದ್ರು ಕೂರಾಣ. ಕಣ್ಣು ಮಿಟುಕಿಸ್ದಂಗೆ ನೋಡ್ಕೊತೀನಿ, ನಿನ್ ಮಗನ್ನೂ.”

“ಏನಾದ್ರೂ ಆದ್ರೆ?”

“ಆದ್ರೆ ನನ್ ಕೈ ಇಲ್ಲೇ ಐತೆ. ನನ್ ಮೊಮ್ಮಗಳಿಗೆ ಇದೇ ಕೈಯೇ ಗಂಟೆ ಆಗಿರೋದು.”

ಶಾಹೀನ್ ಆ ಕೈಯನ್ನು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು.

ಚಾಪೆಯ ಮೇಲೆ ಮೂರು ಹೆಂಗಸರು, ಎರಡು ಕೂಸು. ಕಿಟಕಿಯ ಬಿಸಿಲು ಇಬ್ಬರ ಮುಖದ ಮೇಲೂ ಬೀಳುವಂತೆ ಕೂತರು. ಅಂಬಿಕಾ ಮುಖ ಊದಿಸಿಕೊಂಡೇ ಪಟ್ಟಿ ಬಿಚ್ಚಿ ಕೊಟ್ಟಳು. ಮುನ್ನಾನ ಪಟ್ಟಿ ಚಿಟ್ಟಿಗೆ, ಚಿಟ್ಟಿಯದು ಮುನ್ನಾನಿಗೆ. ಎರಡೂ ಹಸಿರು.

ಮೊದಲ ಅರ್ಧ ಗಂಟೆ ಏನೂ ಇಲ್ಲ. “ನೋಡು, ಸುಮ್ನೆ...” ಅಂತ ಅಂಬಿಕಾ ಬಾಯಿ ತೆರೆದಳು.

ಕಿಣಿಕಿಣಿ ಅಂದಿತು.

ಚಿಟ್ಟಿಯ ಎದೆಯ ಮೇಲಿಂದ. ಕೂಸು ಕೆಂಪಗೆ, ಬೆಚ್ಚಗೆ, ತುಟಿ ಅರೆತೆರೆದು ಮಲಗಿತ್ತು. ಉಸಿರು ನಡೆಯುತ್ತಿತ್ತು. ಅಂಬಿಕಾ ಎತ್ತಲು ಹೋದರೆ ಮುನಿರತ್ನಮ್ಮ ತಡೆದಳು. “ಇರು. ನೋಡಾಣ.” ಗೋಡೆ ಗಡಿಯಾರ ಐದು ನಿಮಿಷ ನಡೆಯಿತು. ಆರನೆಯದು ತುಂಬುವ ಹೊತ್ತಿಗೆ ಆ ಪುಟ್ಟ ಎದೆ ಒಮ್ಮೆ ಎದ್ದು, ಇಳಿದು, ಮತ್ತೆ ಏಳಲಿಲ್ಲ.

ಅಂಬಿಕಾ ಚೀರಲಿಲ್ಲ. ಅಂಗಾಲಿಗೆ ಹೆಬ್ಬೆರಳು ಒತ್ತಿ ಉಜ್ಜಿದಳು. ಉಸಿರು ಬಂತು. ತಾಯಿಯ ಮುಖವನ್ನು ನೋಡಿ, “ಹದಿನೇಳು ದಿನ,” ಅಂದಳು, ಅಷ್ಟೇ.

ಇನ್ನೊಂದು ಗಂಟೆ ಕಳೆಯುವ ಮುಂಚೆ ಶಾಹೀನಳ ಮಡಿಲಲ್ಲಿ ಮುನ್ನಾನ ಎದೆ ನಿಂತಿತು. ಗಂಟೆಯಿಲ್ಲ, ಸದ್ದಿಲ್ಲ, ಹಸಿರು ದೀಪ ಮಾತ್ರ. ಮುನಿರತ್ನಮ್ಮನ ಬೆರಳು ಆಗಲೇ ಅವನ ಅಂಗಾಲ ಮೇಲಿತ್ತು. ಉಸಿರು ಮರಳಿದ ಮೇಲೆ ಶಾಹೀನ್ ಆ ಪಟ್ಟಿಯನ್ನು ಹಾವನ್ನು ಕಿತ್ತಂತೆ ಕಿತ್ತು ಚಾಪೆಯ ಮೇಲೆ ಎಸೆದಳು.

“ಬಾಯಿಲ್ಲ ಇದಕ್ಕೆ,” ಅಂದಳು. “ರತ್ನಕ್ಕಾ, ಇದಕ್ಕೆ ಬಾಯೇ ಕೊಟ್ಟಿಲ್ಲ.”

ಚಿಟ್ಟಿಯ ಎದೆಯಿಂದ ಕೂಗುವ ಪಟ್ಟಿಯನ್ನು ಬಿಚ್ಚಿ ಮುನ್ನಾನಿಗೆ ಮರಳಿ ಕಟ್ಟುವ ಮುಂಚೆ ಅಂಬಿಕಾ ಅದನ್ನೊಮ್ಮೆ ಮುಷ್ಟಿಯಲ್ಲಿ ಬಿಗಿಹಿಡಿದಳು. ಆದರೂ ಕಟ್ಟಿದಳು.

ಅದಾಗಿ ಒಂದೂವರೆ ಗಂಟೆಯೊಳಗೆ ಕೇಂದ್ರದ ಬಿಳಿ ವ್ಯಾನು ಬೀದಿಗೆ ಬಂತು. ಕೂಸಿನ ಬಣ್ಣ ಕೆಟ್ಟಿದೆ ಅಂದಾಗ ಬರಲು ಏಳು ಗಂಟೆ ಹಿಡಿದ ವ್ಯಾನು. ಎದೆಬಡಿತದ ಧಾಟಿ ಒಂದೊಂದು ಕೂಸಿನದು ಒಂದೊಂದು ಥರವಂತೆ, ಹೆಬ್ಬೆರಳ ಗುರುತಿನ ಹಾಗೆ. ಎರಡು ಪಟ್ಟಿ ಅದಲುಬದಲಾದದ್ದು ಅಲ್ಲಿ ಪರದೆಯ ಮೇಲೆ ಕೂಡಲೇ ಕಂಡಿತ್ತು. “ಡಾಕ್ಟರು ಮಾತಾಡಬೇಕಂತೆ, ಬನ್ನಿ,” ಅಂದರು ಸಿಸ್ಟರ್ ಗ್ರೇಸಿ. ಅವರು ಯಾರ ಮುಖವನ್ನೂ ನೋಡಲಿಲ್ಲ. ಶಾಹೀನ್ ಬರಲಿಲ್ಲ. “ನಾನು ಬೀದೀಲಿ ಎಲ್ಲಾರ್ಗೂ ಹೇಳ್ತೀನಿ,” ಅಂತ ಬಾಗಿಲಲ್ಲೇ ನಿಂತಳು.

ವ್ಯಾನಿನಲ್ಲಿ ಅಂಬಿಕಾ ಕೂಸನ್ನು ಎದೆಗೆ ಬಿಗಿದುಕೊಂಡು, ಒಂದು ಕೈಯನ್ನು ರವಿಕೆಯೊಳಗೆ ಅದರ ಬೆನ್ನಿನ ಮೇಲೆ ಇಟ್ಟು, ದಾರಿಯುದ್ದಕ್ಕೂ ತುಟಿಯಲ್ಲೇ ಎಣಿಸುತ್ತ ಬಂದಳು.

ಮತ್ತೆ ಅದೇ ತಣ್ಣಗಿನ ಕೋಣೆ, ಅದೇ ಗೋಡೆ. ಒಂದು ದೀಪದ ಜಾಗ ಖಾಲಿಯಿತ್ತು.

“ಅದ್ಯಾವೂರುದು?” ಅಂದಳು ಮುನಿರತ್ನಮ್ಮ.

“ಕೂತ್ಕೊಳ್ಳಿ ಅಮ್ಮ,” ಅಂದರು ಡಾಕ್ಟರ್ ಸುಧೀಂದ್ರ. ಇವತ್ತು ನಗು ಇರಲಿಲ್ಲ, ಆದರೆ ಕೋಪವೂ ಇರಲಿಲ್ಲ. ಪಾಠ ಒಪ್ಪಿಸದ ಮಕ್ಕಳಿಗೆ ತಾಳ್ಮೆಯಿಂದ ಹೇಳಿಕೊಡುವ ಮೇಷ್ಟ್ರ ಹಾಗೆ ಹೇಳಿದರು. “ಗಂಟೆಯಿಂದ ಕೂಸು ಉಳಿಯತ್ತೆ ಅಂತ ನಾವು ಬರೀ ಬಾಯಲ್ಲಿ ಹೇಳಿದರೆ ಸರ್ಕಾರ ಒಪ್ಪಲ್ಲ. ತೋರಿಸಬೇಕು. ತೋರಿಸಬೇಕು ಅಂದ್ರೆ ಗಂಟೆ ಇರೋರು ಇಪ್ಪತ್ತು, ಇಲ್ಲದವರು ಇಪ್ಪತ್ತು, ಹೋಲಿಸಬೇಕು. ಮುಂದೆ ಲಕ್ಷಗಟ್ಟಲೆ ಕೂಸುಗಳಿಗೆ ಉಪಯೋಗ ಆಗತ್ತೆ. ನಿಮಗೆ ಅನ್ಯಾಯ ಏನೂ ಆಗಿಲ್ಲ. ಪಟ್ಟಿಯೇ ಇಲ್ಲದ ಮನೆಯಲ್ಲಿ ಹೇಗಿರ್ತಿತ್ತೋ ನಿಮ್ಮಲ್ಲೂ ಹಾಗೇ ಇತ್ತು. ಸಹಿ ಮಾಡಿದ ಕಾಗದದಲ್ಲಿ, ಹತ್ತೊಂಬತ್ತನೇ ಪುಟದಲ್ಲಿ, ಎಲ್ಲಾ ಇದೆ.”

“ಹಂಗೇ ಇರ್ನಿಲ್ಲ ಸ್ವಾಮಿ,” ಅಂದಳು ಮುನಿರತ್ನಮ್ಮ. “ಪಟ್ಟಿ ಇಲ್ದಿದ್ರೆ ನೀವು ಕೂಸನ್ನ ಮನೇಗೇ ಕಳಿಸ್ತಿರ್ನಿಲ್ಲ. ಕೆಳಗೆ ಪೆಟ್ಟಿಗೆಗಳಿಗೆ ಬಟ್ಟೆ ಒದ್ಸಿ ಮಡಗಿದೀರಿ. ಕಳ್ಸಿದ್ರೂ ನಾವು ಕಣ್ಣು ತೆಗೀತಿರ್ನಿಲ್ಲ. ಕಾವಲು ಐತೆ ಅಂತ ಯೋಳಿ ನಮ್ ಕಣ್ಣು ಮುಚ್ಚಿಸಿದ್ರಿ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ನಿಲ್ಸಿದೋರು ನೀವು. ಕಾವಲೇ ಇಲ್ದಿರೋ ಮನೇಗಿಂತ ಕಡೆಯಾಯ್ತಲ್ಲ ನಮ್ಮನೆ!”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಪರದೆಯ ಎದುರಿನಿಂದ ಇಂದುಶ್ರೀ ಇದ್ದಕ್ಕಿದ್ದಂತೆ ಮಾತಾಡಿದಳು. “ಮಂಗಳವಾರ ಹತ್ತು ಐವತ್ತೆರಡಕ್ಕೆ ನಿಮ್ಮದು ಹಳದಿ ಆಯ್ತು ಅಮ್ಮ. ನಾನು ನೋಡ್ತಾನೇ ಇದ್ದೆ.” ಅವಳ ಕಿವಿಯ ಫೋನು ಕೊರಳಿಗೆ ಜಾರಿತ್ತು. “ಬಿಳಿ ಚುಕ್ಕಿ ಇರೋ ಮನೆಗೆ ಫೋನ್ ಮಾಡೋ ಹಾಗಿಲ್ಲ. ಖಾಲಿ ಇರೋದು ಕೊತ್ತನೂರಿಂದು. ಅದಕ್ಕೂ ಚುಕ್ಕಿ ಇತ್ತು.”

“ಅದು ಬೇರೆ ಕಾರಣ, ಸೋಂಕು ಇತ್ತು,” ಅಂದರು ಡಾಕ್ಟರು. “ಇಂದುಶ್ರೀ, ನೀವು ಸ್ವಲ್ಪ ಹೊರಗಿರಿ.”

ಹುಡುಗಿ ಏಳಲಿಲ್ಲ. ಡಾಕ್ಟರು ಅದನ್ನು ಗಮನಿಸದವರಂತೆ ಮೇಜಿನ ಡ್ರಾಯರು ಎಳೆದು ಹೊಸ ಪಟ್ಟಿಯೊಂದನ್ನು ತೆಗೆದು ಮುನಿರತ್ನಮ್ಮನ ಮುಂದಿಟ್ಟರು. ಬೆರಳಿನಿಂದ ಒತ್ತಿ ತೋರಿಸಿದರು. ಕಿಣಿಕಿಣಿ.

“ಇದಕ್ಕೆ ಬಾಯಿದೆ. ನಿಮ್ಮ ಮಗುವಿಗೆ ಈಗಲೇ ಕಟ್ಟಿಕೊಡ್ತೀನಿ. ನನಗೂ ಮಕ್ಕಳಿದ್ದಾರೆ ಅಮ್ಮ, ನಾನೇನು ರಾಕ್ಷಸನಲ್ಲ. ಒಂದು ಕಾಗದಕ್ಕೆ ಸಹಿ ಮಾಡಿ. ಪಟ್ಟಿ ರಿಪೇರಿ ಆಯ್ತು, ಈಗ ಸರಿಯಾಗಿದೆ ಅಂತ. ಬೀದಿಯಲ್ಲಿ, ಬೇರೆ ಮನೆಗಳಲ್ಲಿ ಇದರ ಮಾತು ಬೇಡ. ಆ ಶಾಹೀನ್‌ಗೂ ನೀವೇ ತಿಳಿಹೇಳಿ.”

ಮುನಿರತ್ನಮ್ಮ ಪಟ್ಟಿಯನ್ನು ಕೈಗೆತ್ತಿಕೊಂಡಳು. ನೂಲಿನಷ್ಟು ಮೆತ್ತಗೆ. ಇಷ್ಟೇ ಬೇಕಿತ್ತು. ಆ ಮಂಗಳವಾರದ ಸೀಸದ ತುಟಿ ಕಣ್ಣಿಗೆ ಕಟ್ಟಿತು. ಇಪ್ಪತ್ತೇಳು ವರ್ಷ ಯಾವ ಗಾಜನ್ನೂ, ಯಾವ ಮೇಸ್ತ್ರಿಯನ್ನೂ ಪೂರ್ತಿ ನಂಬದವಳಿಗೆ, ಈ ಸಲ ನಂಬುವುದೇ ಸುಲಭವಾಗಿ ಕಂಡಿತು. ಒಂದು ಸಹಿ. ಕೂಸು ಉಳಿಯುತ್ತದೆ. ಮಿಕ್ಕವರ ಕೂಸುಗಳನ್ನು ಮಿಕ್ಕವರು ನೋಡಿಕೊಳ್ಳಲಿ.

“ಅಂಬಿಕಾ,” ಅಂದಳು, ಸಣ್ಣ ದನಿಯಲ್ಲಿ. “ಇಸ್ಕೊಂಡ್ಬಿಡಾಣ ಕಣೇ.”

ಅಂಬಿಕಾ ಎಣಿಸುತ್ತಿದ್ದವಳು ತಲೆಯೆತ್ತಿದಳು. ಡಾಕ್ಟರನ್ನು ಕೇಳಿದಳು: “ಸರ್, ಗಂಟೆ ಇಲ್ಲದೋರು ಇಪ್ಪತ್ತು ಇರ್ಲೇಬೇಕು ಅಂದ್ರಿ. ನಮಗೆ ಗಂಟೆ ಕೊಟ್ರೆ ಒಂದು ಕಮ್ಮಿ ಆಗಲ್ವ?”

“ಅದನ್ನ ನಾವು ಸರಿ ಮಾಡ್ಕೊಳ್ತೀವಮ್ಮ.”

“ಹೆಂಗೆ?”

“ಬೇರೆ ಒಂದು ಪಟ್ಟಿಯ ಗಂಟೆ ನಿಲ್ಲಿಸ್ತೀವಿ. ಇಲ್ಲಿಂದಲೇ ಆಗತ್ತೆ, ಒಂದು ಬಟನ್ನು. ಯಾರದು ಅಂತ ನಿಮಗೆ ಗೊತ್ತಾಗಲ್ಲ, ಅದರ ಚಿಂತೆ ನಿಮಗೆ ಬೇಡ.”

ಅಂಬಿಕಾ ಗೋಡೆಯ ದೀಪಗಳನ್ನು ಒಂದೊಂದಾಗಿ ನೋಡಿದಳು.

“ಇಲ್ಲಿಂದ್ಲೇ ನಿಲ್ಲಿಸ್ಬೋದು,” ಅಂದಳು ಅಂಬಿಕಾ ನಿಧಾನವಾಗಿ. “ಹಂಗಾದ್ರೆ ಇಲ್ಲಿಂದ್ಲೇ ಶುರುನೂ ಮಾಡ್ಬೋದು. ಆವತ್ತು ಮಂಗಳವಾರನೂ ಮಾಡ್ಬೋದಿತ್ತು. ಕೊತ್ತನೂರಿಗೂ ಮಾಡ್ಬೋದಿತ್ತು.”

ಇಂದುಶ್ರೀ ತನ್ನ ಮುಂದಿನ ಕೀಲಿಮಣೆಯನ್ನೇ ನೋಡುತ್ತಿದ್ದಳು.

ಅಂಬಿಕಾ ತಾಯಿಯ ಕೈಯಿಂದ ಪಟ್ಟಿ ತೆಗೆದು ಮೇಜಿನ ಮೇಲೆ, ಕಾಗದದ ಮೇಲೆ ಇಟ್ಟು, ಎರಡನ್ನೂ ಡಾಕ್ಟರ ಕಡೆಗೆ ತಳ್ಳಿದಳು. ಮುನಿರತ್ನಮ್ಮ ಖಾಲಿಯಾದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಗಳ ಮುಖ ನೋಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅಂಬಿಕಾ, ಭಾವೋದ್ವೇಗ ಬೇಡ,” ಅಂದರು ಡಾಕ್ಟರು. “ಇದನ್ನೂ ಬೇಡ ಅಂದ್ರೆ ಬರಿ ಎದೆಯ ಕೂಸನ್ನ ಕರ್ಕೊಂಡು ಹೋಗ್ತೀರಿ. ಯೋಚನೆ ಮಾಡಿ. ಸಹಿ ಮಾಡಿ, ಪಟ್ಟಿ ಕಟ್ಟಿಸ್ಕೊಂಡು ಮನೆಗೆ ಹೊರಡಿ. ವ್ಯಾನು ಕಾಯ್ತಿದೆ.”

“ಮಿಕ್ಕ ಎಲ್ಲಾ ಮನೆ ಗಂಟೆನೂ ನನ್ನೆದುರಿಗೇ ಶುರುಮಾಡಿ. ಇಲ್ಲಾ, ಕೆಳಗೆ ಪೆಟ್ಟಿಗೆ ಮೇಲಿರೋ ಬಟ್ಟೆ ತೆಗ್ಸಿ, ಆ ಕೂಸುಗಳ್ನೆಲ್ಲ ಕರ್ಸಿ.”

“ಅದು ಆಗೋ ಮಾತಲ್ಲ. ಏಳಿ.”

ಅಂಬಿಕಾ ಕುರ್ಚಿಯಿಂದ ಎದ್ದಳು. ಬಾಗಿಲ ಕಡೆ ಹೋಗಲಿಲ್ಲ. ದೀಪದ ಗೋಡೆಯ ಕೆಳಗೆ, ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನನ್ನು ಗೋಡೆಗೆ ಕೊಟ್ಟಳು. ರವಿಕೆಯೊಳಗಿನ ಕೈ ಕೂಸಿನ ಬೆನ್ನಿನ ಮೇಲೇ ಇತ್ತು. ಮುನಿರತ್ನಮ್ಮ ಹೋಗಿ ಅವಳ ಪಕ್ಕದಲ್ಲಿ ಕೂತು, ಸೆರಗಿನಿಂದ ಕೈ ತೆಗೆದು, ಸೀರೆಯ ಮಡಿಕೆಯಿಂದ ಹೊರಗೆ ಇಣುಕಿದ್ದ ಅಂಗಾಲನ್ನು ಹಿಡಿದುಕೊಂಡಳು.

“ಏಳಮ್ಮ,” ಅಂದರು ಡಾಕ್ಟರು, ಈ ಸಲ ಗಟ್ಟಿಯಾಗಿ. “ಸಹಿ ಹಾಕಿ ಮನೆಗೆ ಹೋಗು.”

“ಸಹಿನೂ ಹಾಕಲ್ಲ,” ಅಂದಳು ಅಂಬಿಕಾ. “ಮನೆಗೂ ಹೋಗಲ್ಲ.”